ಶುಶ್ರೂಷೆಯ ದಾರಿ: ಹಣ ಕಟ್ಟುವ ಮುನ್ನ ಸ್ವಲ್ಪ ವಿಚಾರಿಸಿ

ಪಿಯುಸಿ ಫಲಿತಾಂಶ ಬಂದ ವಾರ ಬಾಶೆಟ್ಟಿಹಳ್ಳಿಯ ನಮ್ಮ ಮನೆಗೆ ಬಂದು ಹೋಗುವವರು ಹೆಚ್ಚು. ಒಳ್ಳೆಯ ಅಂಕ ಬಂದವರು ಸಿಹಿ ತರುತ್ತಾರೆ. ಉಳಿದವರು ಅಂಕಪಟ್ಟಿ ತರುತ್ತಾರೆ. ಕಳೆದ ಏಪ್ರಿಲ್ಲಿನ ಒಂದು ಶನಿವಾರ ಸಂಜೆ ಬಂದ ತಂದೆ-ಮಗಳ ಕೈಯಲ್ಲಿ ಇವೆರಡೂ ಇರಲಿಲ್ಲ. ಬಸ್ ನಿಲ್ದಾಣದಲ್ಲಿ ಯಾರೋ ಹಂಚಿದ ಬಣ್ಣದ ಕರಪತ್ರವೊಂದಿತ್ತು.

ತಂದೆ ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗ ನಡೆಸುವ ಕೂಲಿ ನೇಕಾರರು. ತಾಯಿ ಇಲ್ಲಿಯೇ ಗಾರ್ಮೆಂಟ್ಸ್‌ನಲ್ಲಿ. ಮಗಳು ಹತ್ತನೆಯ ತರಗತಿಯವರೆಗೆ ನಮ್ಮ ಶಾಲೆಯಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿ, ವಿಜ್ಞಾನ ವಿಭಾಗದಲ್ಲಿ ಪಿಯುಸಿ ಮುಗಿಸಿದವಳು. ನೂರಕ್ಕೆ ಐವತ್ತೆಂಟು ಬಂದಿತ್ತು.

"ಮೇಷ್ಟ್ರೇ, ಮಗೂನ ನರ್ಸಿಂಗ್‌ಗೆ ಸೇರಿಸ್ಬೇಕು ಅಂತಿದೀನಿ. ಒಂದೇ ವರ್ಷದ್ದಂತೆ. ಕೆಲಸ ಗ್ಯಾರಂಟಿ ಅಂತ ಬರ್ದವ್ರೆ. ಸೋಮವಾರ ಮೊದಲ್ನೇ ಕಂತು ಕಟ್ಬೇಕು, ನೀವೊಂದು ಮಾತು ಹೇಳಿಬಿಡಿ" ಎಂದರು.

ಕರಪತ್ರವನ್ನು ಎರಡು ಸಲ ಓದಿದೆ. ಬಿಳಿ ಉಡುಪಿನ ಹುಡುಗಿಯ ಚಿತ್ರವಿತ್ತು, ಹಾಸ್ಟೆಲ್ ಇದೆ ಎಂದಿತ್ತು, ವಿದೇಶದಲ್ಲಿ ಅವಕಾಶವಿದೆ ಎಂದಿತ್ತು. ಪರೀಕ್ಷೆ ನಡೆಸುವವರು ಯಾರು, ಪ್ರಮಾಣಪತ್ರ ಕೊಡುವವರು ಯಾರು ಎಂಬ ಮಾತು ಮಾತ್ರ ಎಲ್ಲಿಯೂ ಇರಲಿಲ್ಲ.

"ಸೋಮವಾರ ಕಟ್ಟಬೇಡಿ" ಎಂದೆ. ಅವರ ಮುಖ ಸಣ್ಣದಾಯಿತು. ಆದರೂ ಹಾಗೆ ಹೇಳಲು ನನಗೊಂದು ಕಾರಣವಿತ್ತು. ಅದನ್ನು ಇಲ್ಲಿ ಹೇಳಿಕೊಳ್ಳುವುದು ಸ್ವಲ್ಪ ಸಂಕೋಚದ ವಿಷಯ.

ನಾನು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದೆ ಇಂಥದ್ದೇ ಕರಪತ್ರ ಹಿಡಿದು ಇನ್ನೊಬ್ಬ ವಿದ್ಯಾರ್ಥಿನಿ ಬಂದಿದ್ದಳು. ಚುರುಕಾದ ಹುಡುಗಿ. "ನರ್ಸಿಂಗ್ ಒಳ್ಳೆಯ ವೃತ್ತಿ, ಸೇರಿಕೊಳ್ಳಮ್ಮ" ಎಂದು ನಾನೇ ಹರಸಿ ಕಳುಹಿಸಿದೆ. ಕರಪತ್ರದ ಹಿಂಬದಿಯನ್ನೂ ತಿರುಗಿಸಿ ನೋಡಲಿಲ್ಲ. ಒಂದು ವರ್ಷ ಓದಿದಳು, ಪ್ರಮಾಣಪತ್ರವೂ ಬಂತು. ಅದನ್ನು ಹಿಡಿದು ದೊಡ್ಡ ಆಸ್ಪತ್ರೆಗೆ ಹೋದಾಗ ಅಲ್ಲಿಯವರು ಕೇಳಿದ್ದು ಒಂದೇ: "ನಿಮ್ಮ ನೋಂದಣಿ ಸಂಖ್ಯೆ ಎಷ್ಟು?"

ಅವಳ ಬಳಿ ಅದು ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಅವಳು ಓದಿದ್ದು ರೋಗಿಯ ಸಹಾಯಕಿಯ ತರಬೇತಿಯೇ ಹೊರತು ನರ್ಸಿಂಗ್ ಅಲ್ಲ. ಕಟ್ಟಿದ ಹಣ ಅವಳ ತಾಯಿಯ ಓಲೆ ಅಡವಿಟ್ಟು ತಂದದ್ದು. ಮೇಷ್ಟ್ರು ಹೇಳಿದರೆಂದು ಆ ತಾಯಿ ಒಪ್ಪಿದ್ದರು. ಅಂದಿನಿಂದ ನಾನು ಯಾರಿಗೂ ವಿಚಾರಿಸದೆ ಹರಸುವುದನ್ನು ಬಿಟ್ಟೆ.

ಒಂದೇ ಪ್ರಶ್ನೆ

ಪೋಷಕರು ಬೇರೆ ಏನನ್ನು ಮರೆತರೂ ಈ ಪ್ರಶ್ನೆಯನ್ನು ಮರೆಯಬಾರದು: "ಈ ಕೋರ್ಸ್ ಮುಗಿಸಿದರೆ ನನ್ನ ಮಗಳ ಹೆಸರು ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿಯಾಗುತ್ತದೆಯೇ?"

ವಕೀಲರಿಗೆ ಬಾರ್ ಕೌನ್ಸಿಲ್ ಇದ್ದಂತೆ ನರ್ಸ್‌ಗಳಿಗೆ ಈ ಪರಿಷತ್ತು. ಬೆಂಗಳೂರಿನಲ್ಲಿ ಅದರ ಕಚೇರಿಯಿದೆ. ದೇಶಮಟ್ಟದಲ್ಲಿ ಶಿಕ್ಷಣದ ಗುಣಮಟ್ಟ ನಿಗದಿಪಡಿಸಲು 1947ರ ಕಾಯಿದೆಯಂತೆ ಭಾರತೀಯ ನರ್ಸಿಂಗ್ ಕೌನ್ಸಿಲ್ ಹುಟ್ಟಿತು. ಅದರ ಜಾಗಕ್ಕೆ ರಾಷ್ಟ್ರೀಯ ಆಯೋಗವೊಂದನ್ನು ತರುವ ಕಾಯಿದೆಗೆ 2023ರಲ್ಲಿ ಸಂಸತ್ತು ಒಪ್ಪಿಗೆ ನೀಡಿದೆ. ವ್ಯವಸ್ಥೆಯ ಹೆಸರು ಏನೇ ಆಗಲಿ, ತಿರುಳು ಒಂದೇ. ನೋಂದಣಿಯಿದ್ದರೆ ನರ್ಸ್, ಇಲ್ಲದಿದ್ದರೆ ಸಹಾಯಕಿ.

ಸಹಾಯಕಿಯ ಕೆಲಸ ಕೀಳು ಎಂದು ನಾನು ಹೇಳುತ್ತಿಲ್ಲ. ರೋಗಿಯನ್ನು ಎಬ್ಬಿಸಿ ಕೂರಿಸುವ, ಮೈ ಒರೆಸುವ, ಊಟ ಮಾಡಿಸುವ ಕೈಗಳು ಪ್ರತಿ ಆಸ್ಪತ್ರೆಗೂ ಬೇಕು. ಆ ತರಬೇತಿಯನ್ನು ಅದರ ಹೆಸರಿನಲ್ಲೇ ಕಲಿಸಿದರೆ ದೂರಿಲ್ಲ. ನರ್ಸಿಂಗ್ ಎಂದು ಹೇಳಿ ಹಣ ಪಡೆದರೆ ಅದು ಅನ್ಯಾಯ.

ಮೂರು ಬಾಗಿಲುಗಳು

ನರ್ಸಿಂಗ್ ವೃತ್ತಿಗೆ ಮುಖ್ಯವಾಗಿ ಮೂರು ಬಾಗಿಲುಗಳಿವೆ. ಮೂರಕ್ಕೂ ಕನಿಷ್ಠ ವಯಸ್ಸು 17, ಮೂರಕ್ಕೂ ಪಿಯುಸಿ ಆಗಿರಬೇಕು.

ಮೊದಲನೆಯದು ಎಎನ್‌ಎಂ. ಎರಡು ವರ್ಷದ್ದು, ಹೆಣ್ಣುಮಕ್ಕಳಿಗೆ ಮಾತ್ರ. ಕಲಾ ವಿಭಾಗದಲ್ಲಿ ಓದಿದವರೂ ಸೇರಬಹುದು. ಉಪಕೇಂದ್ರದಲ್ಲಿ ಲಸಿಕೆ ಹಾಕುವ, ಗರ್ಭಿಣಿಯರ ಪಟ್ಟಿ ಹಿಡಿದು ಮನೆಮನೆ ಸುತ್ತುವ 'ಸಿಸ್ಟರಮ್ಮ' ಈ ಬಾಗಿಲಿನಿಂದ ಬಂದವರು. ಬಯಲುಸೀಮೆಯಲ್ಲಿ ಸುಮಾರು 5,000 ಜನಕ್ಕೆ ಒಂದು ಉಪಕೇಂದ್ರ ಎಂಬುದು ನಿಯಮ. ನಮ್ಮ ರಾಜ್ಯದಲ್ಲಿ ಈಗ ಇವರನ್ನು ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ ಎಂದು ಕರೆಯುತ್ತಾರೆ.

ಎರಡನೆಯದು ಜಿಎನ್‌ಎಂ, ಅಂದರೆ ಸಾಮಾನ್ಯ ಶುಶ್ರೂಷೆ ಮತ್ತು ಪ್ರಸೂತಿ ಶಾಸ್ತ್ರದ ಡಿಪ್ಲೊಮಾ. ಮೂರು ವರ್ಷ, ಕೊನೆಯ ಆರು ತಿಂಗಳು ಆಸ್ಪತ್ರೆಯಲ್ಲೇ ಪೂರ್ಣ ಕೆಲಸ. ಪಿಯುಸಿಯಲ್ಲಿ ಶೇ 40 ಅಂಕ ಮತ್ತು ಇಂಗ್ಲಿಷಿನಲ್ಲಿ ಉತ್ತೀರ್ಣತೆ ಬೇಕು. ವಿಜ್ಞಾನ ಓದಿದ್ದರೆ ಅನುಕೂಲ, ಓದದವರಿಗೂ ಬಾಗಿಲು ಮುಚ್ಚಿಲ್ಲ. ರಾಜ್ಯದಲ್ಲಿ ಇದರ ಪರೀಕ್ಷೆಯನ್ನು ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ ನಡೆಸುತ್ತದೆ.

ಮೂರನೆಯದು ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್. ಇದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ಕಡ್ಡಾಯ. ಈ ಮೂರರಲ್ಲಿ ಒಟ್ಟು ಶೇ 45 ಅಂಕ ಬೇಕು, ಮೀಸಲು ವರ್ಗದವರಿಗೆ ರಿಯಾಯಿತಿಯುಂಟು. ಇಂಗ್ಲಿಷಿನಲ್ಲಿ ಪಾಸಾಗಿರಬೇಕು. ನಮ್ಮಲ್ಲಿ ಬಹುಪಾಲು ಕಾಲೇಜುಗಳು 1996ರಲ್ಲಿ ಆರಂಭವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. 2023ರಿಂದ ಸರ್ಕಾರಿ ಕೋಟಾದ ಸೀಟುಗಳು ಸಿಇಟಿ ಮೂಲಕ ಹಂಚಿಕೆಯಾಗುತ್ತಿವೆ. ಸಿಇಟಿ ಎಂದರೆ ಎಂಜಿನಿಯರಿಂಗ್ ಎಂದೇ ನಮ್ಮ ಊರಿನ ಕಡೆ ಇನ್ನೂ ತಿಳಿದಿದ್ದಾರೆ. ನರ್ಸಿಂಗ್‌ಗೂ ಅದೇ ಪರೀಕ್ಷೆ ಎಂಬುದನ್ನು ಪಿಯು ಕಾಲೇಜುಗಳು ಮಕ್ಕಳಿಗೆ ಮೊದಲ ವರ್ಷದಲ್ಲೇ ಹೇಳಬೇಕು.

ಈ ಬಾಗಿಲುಗಳ ನಡುವೆ ಮೆಟ್ಟಿಲುಗಳೂ ಇವೆ. ನೋಂದಣಿಯಾದ ಎಎನ್‌ಎಂಗಳು ಜಿಎನ್‌ಎಂ ಸೇರಬಹುದು. ಜಿಎನ್‌ಎಂ ಮುಗಿಸಿದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿ ಪದವೀಧರರಾಗಬಹುದು. ಮುಂದೆ ಎಂಎಸ್ಸಿ, ಪಿಎಚ್‌ಡಿ, ಅಧ್ಯಾಪನ ಎಲ್ಲವೂ ಉಂಟು. ಬಡತನದಿಂದಲೋ ಅಂಕ ಕಡಿಮೆಯಾಗಿಯೋ ಕೆಳಗಿನ ಮೆಟ್ಟಿಲಿನಿಂದ ಹೊರಟವರು ಮೇಲೆ ಬರಲಾರರು ಎಂಬ ಭಯ ಬೇಡ. ಮೆಟ್ಟಿಲು ನಿಜವಾದದ್ದಾಗಿರಬೇಕು, ಅಷ್ಟೆ.

ಆರೋಗ್ಯ ಶಿಕ್ಷಣವೆಲ್ಲ ನರ್ಸಿಂಗ್ ಅಲ್ಲ

ಪೋಷಕರು ಗೊಂದಲಕ್ಕೆ ಬೀಳುವುದು ಇಲ್ಲಿಯೇ. ಪ್ರಯೋಗಾಲಯ ತಂತ್ರಜ್ಞರು, ಎಕ್ಸ್‌ರೇ ತಂತ್ರಜ್ಞರು, ಡಯಾಲಿಸಿಸ್ ಮತ್ತು ಶಸ್ತ್ರಚಿಕಿತ್ಸಾ ಕೊಠಡಿಯ ತಂತ್ರಜ್ಞರು ಇವರೆಲ್ಲ ಪ್ಯಾರಾಮೆಡಿಕಲ್ ಶಿಕ್ಷಣ ಪಡೆದವರು. ಅದಕ್ಕೆ ರಾಜ್ಯದಲ್ಲಿ ಪ್ರತ್ಯೇಕ ಪ್ಯಾರಾಮೆಡಿಕಲ್ ಮಂಡಳಿಯಿದೆ. ಎಸ್ಸೆಸ್ಸೆಲ್ಸಿ ಆದವರಿಗೂ ಅಲ್ಲಿ ಡಿಪ್ಲೊಮಾಗಳಿವೆ. ಅದೂ ಗೌರವದ ದಾರಿಯೇ. ಆದರೆ ಆ ಡಿಪ್ಲೊಮಾದಿಂದ ನರ್ಸ್ ಆಗಲು ಬರುವುದಿಲ್ಲ, ನರ್ಸಿಂಗ್ ಓದಿ ಎಕ್ಸ್‌ರೇ ತಂತ್ರಜ್ಞರಾಗಲೂ ಬರುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಕೆಲವು ಮಂಡಳಿಗಳಲ್ಲಿ ಹನ್ನೆರಡನೆಯ ತರಗತಿಗೆ ಆರೋಗ್ಯ ಸೇವೆಯನ್ನೇ ವೃತ್ತಿ ವಿಷಯವಾಗಿ ಕಲಿಸುತ್ತಾರೆ. ಮಾನ್ಯ ಮಂಡಳಿಯಿಂದ ಹಾಗೆ ಓದಿದವರು ಎಎನ್‌ಎಂ ಅಥವಾ ಜಿಎನ್‌ಎಂ ಸೇರಲು ಕೌನ್ಸಿಲ್ ಅವಕಾಶ ಕೊಟ್ಟಿದೆ. ಬಿಎಸ್ಸಿ ನರ್ಸಿಂಗ್‌ಗೆ ಮಾತ್ರ ಅದು ಸಾಲದು. ಭೌತ, ರಸಾಯನ, ಜೀವಶಾಸ್ತ್ರಗಳೇ ಬೇಕು. ಆದ್ದರಿಂದ ಎಸ್ಸೆಸ್ಸೆಲ್ಸಿ ಮುಗಿಸಿ ನರ್ಸಿಂಗ್ ಕನಸು ಕಾಣುವ ಮಗುವಿಗೆ ನನ್ನ ಸಲಹೆ ಒಂದೇ. ಶಕ್ತಿಯಿದ್ದರೆ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳಿ. ಆಗ ಮೂರೂ ಬಾಗಿಲು ತೆರೆದಿರುತ್ತವೆ.

ಹಲ್ಲು ಎಣಿಸಿ ಕೊಳ್ಳಿ

ಘಾಟಿ ಜಾತ್ರೆಯಲ್ಲಿ ಹೋರಿ ಕೊಳ್ಳುವಾಗ ನಮ್ಮ ರೈತರು ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಮಗಳ ಮೂರು-ನಾಲ್ಕು ವರ್ಷವನ್ನು ಒಪ್ಪಿಸುವ ಕಾಲೇಜನ್ನು ಮಾತ್ರ ಬಣ್ಣದ ಚಿತ್ರ ನೋಡಿ ಆರಿಸುತ್ತೇವೆ.

ಕಾಲೇಜಿಗೆ ಹೋದಾಗ ಮೊದಲು ಆಸ್ಪತ್ರೆ ಎಲ್ಲಿ ಎಂದು ಕೇಳಿ. ನರ್ಸಿಂಗ್ ಕಾಲೇಜಿಗೆ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಾದರೂ ಕಲಿಯಲು ಸಿಗಬೇಕು ಎಂದು ಕೌನ್ಸಿಲ್ ಹೇಳುತ್ತದೆ. ಹಾಸಿಗೆಗಳನ್ನು ಎಣಿಸುವುದಷ್ಟೇ ಅಲ್ಲ, ಅವುಗಳ ಮೇಲೆ ರೋಗಿಗಳಿದ್ದಾರೆಯೇ ನೋಡಿ. ಖಾಲಿ ಹಾಸಿಗೆ ಯಾರಿಗೂ ಪಾಠ ಕಲಿಸದು. ಎರಡನೆಯದಾಗಿ, ಕಾಲೇಜಿನ ಹೆಸರು ರಾಜ್ಯ ಪರಿಷತ್ತಿನ ಮತ್ತು ವಿಶ್ವವಿದ್ಯಾಲಯದ ಅಥವಾ ಪರೀಕ್ಷಾ ಮಂಡಳಿಯ ಈ ವರ್ಷದ ಪಟ್ಟಿಯಲ್ಲಿದೆಯೇ ನೋಡಿ. ಹಳೆಯ ಪತ್ರ ತೋರಿಸಿದರೆ ಒಪ್ಪಬೇಡಿ. ಹೊರರಾಜ್ಯದಲ್ಲೋ ವಿದೇಶದಲ್ಲೋ ಕೆಲಸ ಮಾಡುವ ಆಸೆಯಿದ್ದರೆ ರಾಷ್ಟ್ರಮಟ್ಟದ ಮಾನ್ಯತೆಯನ್ನೂ ವಿಚಾರಿಸಿ. ಮೂರನೆಯದಾಗಿ, ಅಲ್ಲಿ ಕೊನೆಯ ವರ್ಷ ಓದುತ್ತಿರುವ ಇಬ್ಬರನ್ನು ಗೇಟಿನ ಹೊರಗೆ ಮಾತನಾಡಿಸಿ. ಕಚೇರಿಯ ಕುರ್ಚಿ ಹೇಳದ ಸತ್ಯವನ್ನು ಅವರು ಹೇಳುತ್ತಾರೆ. ಕೊನೆಯದಾಗಿ, ಪ್ರವೇಶಕ್ಕೆ ಮೂಲ ಅಂಕಪಟ್ಟಿ ತೋರಿಸಿ, ಪರಿಶೀಲನೆಯಾದ ಮೇಲೆ ವಾಪಸು ಕೇಳಿ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ.

ಇಂಗ್ಲಿಷಿನ ಭಯ, ಲೆಕ್ಕದ ಅಗತ್ಯ

ನಮ್ಮ ಹಳ್ಳಿ ಮಕ್ಕಳನ್ನು ಕಾಡುವುದು ರಕ್ತದ ಭಯಕ್ಕಿಂತ ಇಂಗ್ಲಿಷಿನ ಭಯ. ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿಶಾಸ್ತ್ರ, ಔಷಧಶಾಸ್ತ್ರ, ಮನಶ್ಶಾಸ್ತ್ರ ಎಲ್ಲವೂ ಇಂಗ್ಲಿಷಿನಲ್ಲಿ. ಮೊದಲ ಆರು ತಿಂಗಳು ಕಷ್ಟ, ಸುಳ್ಳು ಹೇಳುವುದಿಲ್ಲ. ಆದರೆ ಕನ್ನಡದಲ್ಲಿ 'ಹೃತ್ಕುಕ್ಷಿ' ಎಂದರೇನೆಂದು ಅರ್ಥ ಮಾಡಿಕೊಂಡ ಮಗುವಿಗೆ ಅದರ ಇಂಗ್ಲಿಷ್ ಹೆಸರು ಕಲಿಯುವುದು ದೊಡ್ಡ ಮಾತಲ್ಲ. ಪಿಯುಸಿ ಪರೀಕ್ಷೆ ಮುಗಿದ ದಿನದಿಂದ ಕಾಲೇಜು ತೆರೆಯುವವರೆಗೆ ದಿನಕ್ಕೆ ಐದು ಪದ ಬರೆದಿಟ್ಟರೂ ಬಹಳ ಭಾರ ಇಳಿಯುತ್ತದೆ. ಹಾಸಿಗೆಯ ಪಕ್ಕದಲ್ಲಿ ನಿಂತಾಗಲಂತೂ ಕನ್ನಡವೇ ಬೇಕು. "ಎದೆ ಹಿಡ್ಕೊಂಡಂಗೆ ಆಗ್ತೈತೆ" ಎಂಬ ಅಜ್ಜಿಯ ಮಾತು ಅರ್ಥವಾಗುವ ನರ್ಸ್ ವೈದ್ಯರಿಗೂ ಬೇಕಾದವಳು.

ಲೆಕ್ಕವನ್ನು ಮಾತ್ರ ಹಗುರವಾಗಿ ಕಾಣಬಾರದು. ತರಗತಿಯಲ್ಲಿ ನಾನು ಕೊಡುವ ಒಂದು ಉದಾಹರಣೆ ಹೀಗಿದೆ. ರೋಗಿಗೆ 500 ಮಿಲಿಲೀಟರ್ ಲವಣಜಲವನ್ನು ನಾಲ್ಕು ಗಂಟೆಯಲ್ಲಿ ಕೊಡಬೇಕು. ಡ್ರಿಪ್ ನಳಿಕೆಯಲ್ಲಿ 20 ಹನಿಗೆ ಒಂದು ಮಿಲಿಲೀಟರ್. ಹಾಗಾದರೆ ಒಟ್ಟು 10,000 ಹನಿ, 240 ನಿಮಿಷ. ನಿಮಿಷಕ್ಕೆ ಸುಮಾರು 42 ಹನಿ ಬೀಳುವಂತೆ ನರ್ಸ್ ಗಾಲಿ ತಿರುಗಿಸಿ ನಿಲ್ಲಿಸಬೇಕು. ಹೃದಯ ದುರ್ಬಲವಾದ ಮುದುಕರಿಗೆ ಇದು ತಪ್ಪಿ ವೇಗವಾದರೆ ಶ್ವಾಸಕೋಶದಲ್ಲಿ ನೀರು ತುಂಬೀತು.

ಇನ್ನೊಂದು ನೋಡಿ. ವೈದ್ಯರು ಮಗುವಿಗೆ 150 ಮಿಲಿಗ್ರಾಂ ಪ್ಯಾರಾಸಿಟಮಾಲ್ ಬರೆದಿದ್ದಾರೆ. ಐದು ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಇರುವ ಸಿರಪ್ಪಾದರೆ 6 ಮಿಲಿಲೀಟರ್ ಕೊಡಬೇಕು. 250 ಮಿಲಿಗ್ರಾಂ ಇರುವುದಾದರೆ 3 ಮಾತ್ರ. ಬಾಟಲಿಯ ಮೇಲಿನ ಅಕ್ಷರ ಓದದೆ ಕೊಟ್ಟರೆ ಔಷಧ ಇಮ್ಮಡಿಯಾಗುತ್ತದೆ. ಏಳನೆಯ ತರಗತಿಯ ಅನುಪಾತದ ಲೆಕ್ಕ ಇಲ್ಲಿ ಒಂದು ಜೀವದ ಲೆಕ್ಕವಾಗುತ್ತದೆ.

ಈ ವೃತ್ತಿಗೆ ಆಧುನಿಕ ರೂಪ ಕೊಟ್ಟ ಫ್ಲಾರೆನ್ಸ್ ನೈಟಿಂಗೇಲ್ ಅವರೂ ಲೆಕ್ಕದಲ್ಲಿ ಗಟ್ಟಿಗಿತ್ತಿ. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆ ಹೋದವರು, ಗಾಯಕ್ಕಿಂತ ಸೋಂಕಿನಿಂದಲೇ ಹೆಚ್ಚು ಸೈನಿಕರು ಸತ್ತರೆಂಬುದನ್ನು ಅಂಕಿಅಂಶಗಳ ಚಿತ್ರ ಬರೆದು ಸರ್ಕಾರಕ್ಕೆ ತೋರಿಸಿದರು. 1860ರಲ್ಲಿ ಲಂಡನ್ನಿನಲ್ಲಿ ಅವರ ಶಾಲೆ ತೆರೆಯಿತು. ನಮ್ಮ ದೇಶದಲ್ಲಿ 1871ರಲ್ಲಿ ಮದ್ರಾಸಿನ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಶುರುವಾಯಿತು. ಪದವಿ ಶಿಕ್ಷಣ 1946ರಲ್ಲಿ ದೆಹಲಿ ಮತ್ತು ವೆಲ್ಲೂರಿನಲ್ಲಿ ಬಂತು. ಕೈದೀಪ ಹಿಡಿದ ಕರುಣಾಮಯಿ ಎಂದಷ್ಟೇ ನಾವು ನೈಟಿಂಗೇಲರನ್ನು ನೆನೆಯುತ್ತೇವೆ. ಅವರ ಇನ್ನೊಂದು ಕೈಯಲ್ಲಿ ಲೆಕ್ಕದ ಪುಸ್ತಕವಿತ್ತು ಎಂಬುದನ್ನೂ ಮಕ್ಕಳಿಗೆ ಹೇಳಬೇಕು.

ರಾತ್ರಿ ಪಾಳಿ, ಖರ್ಚು, ಸಂಬಳ

"ನೈಟ್ ಡ್ಯೂಟಿ ಇರುತ್ತಲ್ಲ ಸಾರ್, ಹೆಣ್ಮಗು" ಎಂದು ಹಲವು ತಂದೆಯರು ಹಿಂಜರಿಯುತ್ತಾರೆ. ಹೇಳುವವರು ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಮೂರು ಪಾಳಿಯಲ್ಲಿ ದುಡಿಯುವವರೇ! ಆತಂಕ ಸಹಜ. ಆದರೆ ಆ ಆತಂಕವನ್ನು ಪ್ರಶ್ನೆಯಾಗಿ ತಿರುಗಿಸಿ: ಹಾಸ್ಟೆಲ್ ಎಲ್ಲಿದೆ, ರಾತ್ರಿ ವಾಹನವಿದೆಯೇ, ಪಾಳಿಯಲ್ಲಿ ಎಷ್ಟು ಮಂದಿ ಇರುತ್ತಾರೆ? ಉತ್ತರ ಸರಿಯಿದ್ದರೆ ಮಗಳನ್ನು ತಡೆಯಬೇಡಿ. ಗಂಡುಮಕ್ಕಳಿಗೂ ಜಿಎನ್‌ಎಂ, ಬಿಎಸ್ಸಿ ಎರಡರಲ್ಲೂ ಅವಕಾಶವಿದೆ. "ಗಂಡಸಿಗೆಂಥ ನರ್ಸ್ ಕೆಲಸ" ಎನ್ನುವ ಕಾಲ ಹೋಯಿತು.

ಖರ್ಚಿನ ವಿಷಯದಲ್ಲಿ ಸರ್ಕಾರಿ ಸೀಟಿಗೂ ಖಾಸಗಿ ಸೀಟಿಗೂ ಅಂತರ ದೊಡ್ಡದು. ಬೆಂಗಳೂರಿನ ಕೋಟೆ ಪ್ರದೇಶದ ಸರ್ಕಾರಿ ನರ್ಸಿಂಗ್ ಕಾಲೇಜು, ನಿಮ್ಹಾನ್ಸ್‌ನ ಕಾಲೇಜು ಇವು ನಮಗೆ ದೂರವೇನಲ್ಲ. ಪ್ರಯತ್ನ ಅಲ್ಲಿಂದ ಶುರುವಾಗಲಿ. ಪರಿಶಿಷ್ಟ ಮತ್ತು ಹಿಂದುಳಿದ ವರ್ಗದವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ. ಕಾರ್ಖಾನೆ ಕಾರ್ಮಿಕರ ಮಕ್ಕಳಿಗೆ ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿ ಶೈಕ್ಷಣಿಕ ಸಹಾಯಧನ ಕೊಡುತ್ತದೆ. ಇಷ್ಟೊಂದು ಕಾರ್ಖಾನೆಗಳಿರುವ ನಮ್ಮ ಊರಿನಲ್ಲಿ ಇದನ್ನು ಕೇಳಿ ಪಡೆಯುವವರು ಕಡಿಮೆ. ಕಾರ್ಖಾನೆಯ ಕಚೇರಿಯಲ್ಲಿ ವಿಚಾರಿಸಿ. ಬ್ಯಾಂಕಿನ ಶಿಕ್ಷಣ ಸಾಲವೂ ಉಂಟು. 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿ ಅಡಮಾನ ಕೇಳುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಓಲೆ ಅಡವಿಡುವ ಮುನ್ನ ಇವನ್ನೆಲ್ಲ ತಟ್ಟಿ ನೋಡಬೇಕು.

ಸಂಬಳದ ಬಗ್ಗೆ ಬಣ್ಣ ಕಟ್ಟಿ ಹೇಳಲಾರೆ. ಸರ್ಕಾರಿ ಶುಶ್ರೂಷಾಧಿಕಾರಿಯ ಹುದ್ದೆ ಗೌರವದ್ದು, ಸಿಗಲು ಸ್ಪರ್ಧೆಯಿದೆ. ಸಣ್ಣ ಖಾಸಗಿ ನರ್ಸಿಂಗ್ ಹೋಮ್‌ಗಳಲ್ಲಿ ಆರಂಭದ ಸಂಬಳ ಕೆಲವೊಮ್ಮೆ ಮನಸ್ಸಿಗೆ ನೋವಾಗುವಷ್ಟು ಕಡಿಮೆ. 2016ರಲ್ಲಿ ಸುಪ್ರೀಂ ಕೋರ್ಟಿನ ಸೂಚನೆಯಂತೆ ನೇಮಕವಾದ ಕೇಂದ್ರದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಎಂದು ಶಿಫಾರಸು ಮಾಡಿತು. 200ಕ್ಕಿಂತ ಹೆಚ್ಚು ಹಾಸಿಗೆಯಿದ್ದರೆ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ ಎಂದಿತು. ಆ ಅಂಕಿಯನ್ನು ಮಕ್ಕಳು ತಿಳಿದಿರಲಿ. ಕೆಲಸ ಕೇಳುವಾಗ ತಲೆ ತಗ್ಗಿಸದಿರಲು ನೆರವಾದೀತು.

ಹೊರಗಿನ ಲೋಕದಲ್ಲಿ ಬೇಡಿಕೆ ಇರುವುದು ನಿಜ. 2023ರಲ್ಲಿ ಜಗತ್ತಿನಲ್ಲಿ ಸುಮಾರು 2.98 ಕೋಟಿ ನರ್ಸ್‌ಗಳಿದ್ದರು, ಇನ್ನೂ 58 ಲಕ್ಷ ಮಂದಿಯ ಕೊರತೆಯಿತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಆದರೆ ವಿದೇಶ ಎರಡನೆಯ ಮಾತು. ಮೊದಲು ನೋಂದಣಿ, ಆಮೇಲೆ ಎರಡು ವರ್ಷ ಇಲ್ಲಿಯ ದೊಡ್ಡ ಆಸ್ಪತ್ರೆಯ ಅನುಭವ, ಆಮೇಲೆ ಆ ದೇಶದ ಭಾಷೆ ಮತ್ತು ಅರ್ಹತಾ ಪರೀಕ್ಷೆ. ಇದನ್ನು ಬಿಟ್ಟು ಒಳದಾರಿ ತೋರಿಸುವ ಏಜೆಂಟರನ್ನು ದೂರವಿಡಿ.

ಮತ್ತೆ ಆ ಶನಿವಾರ

ನಮ್ಮ ಮನೆಯ ಜಗಲಿಯಲ್ಲಿ ಕುಳಿತಿದ್ದ ಆ ತಂದೆಗೆ ಇವನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಲಿಲ್ಲ. ಮಗಳನ್ನು ಕೇಳಿದೆ: "ಸಿಇಟಿಗೆ ಅರ್ಜಿ ಹಾಕಿದ್ದೀಯಾ?"

"ಹಾಕಿದ್ದೀನಿ ಸಾರ್. ಕಾಲೇಜಲ್ಲಿ ಎಲ್ರೂ ಹಾಕಿದ್ರು ಅಂತ ನಾನೂ ಹಾಕಿದೆ. ಎಂಜಿನಿಯರಿಂಗ್ ಓದೋಕೆ ನಮ್ ಕೈಲಿ ಎಲ್ಲಾಗುತ್ತೆ ಅಂತ ಬರೆಯೋದು ಬ್ಯಾಡ ಅಂದ್ಕೊಂಡಿದ್ದೆ."

ಪರೀಕ್ಷೆ ಮರುವಾರವಿತ್ತು. ಪ್ರವೇಶಪತ್ರ ಮನೆಯಲ್ಲೇ ಇತ್ತು. ನರ್ಸಿಂಗ್ ಸೀಟಿಗೂ ಅದೇ ಪರೀಕ್ಷೆ ಎಂದಾಗ ಅವಳು ತಂದೆಯ ಮುಖ ನೋಡಿದಳು, ತಂದೆ ಕರಪತ್ರ ನೋಡಿದರು. ಬಳಿಕ ಅದನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು. ಸೋಮವಾರ ಅವರು ಕಂತು ಕಟ್ಟಲಿಲ್ಲ. ಹುಡುಗಿ ಐದು ದಿನ ನಮ್ಮ ಮನೆಗೆ ಬಂದು ಜೀವಶಾಸ್ತ್ರ, ರಸಾಯನಶಾಸ್ತ್ರ ತಿರುವಿ ಹಾಕಿ ಪರೀಕ್ಷೆ ಬರೆದಳು. ಸರ್ಕಾರಿ ಕೋಟಾದಲ್ಲಿ ಸೀಟು ಸಿಕ್ಕಿದ್ದು ಕೊನೆಯ ಸುತ್ತಿನಲ್ಲಿ. ಈಗ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತಾಳೆ. ಕೈಯಲ್ಲಿ ಪದಗಳ ಸಣ್ಣ ಪುಸ್ತಕವಿರುತ್ತದೆ.

ನಾನು ಹರಸಿ ತಪ್ಪು ದಾರಿಗೆ ಕಳುಹಿಸಿದ ಆ ಮೊದಲ ಹುಡುಗಿಯ ಕತೆ ಏನಾಯಿತು ಎಂದು ನೀವು ಕೇಳಬಹುದು. ಎರಡು ವರ್ಷ ಒಂದು ಕ್ಲಿನಿಕ್ಕಿನಲ್ಲಿ ದುಡಿದು, ಅಡವಿಟ್ಟ ಓಲೆ ಬಿಡಿಸಿ, ಮತ್ತೆ ಮೊದಲಿನಿಂದ ಜಿಎನ್‌ಎಂ ಸೇರಿ ಮುಗಿಸಿದಳು. ಇಂದು ಬೆಂಗಳೂರಿನ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿದ್ದಾಳೆ. ಹೋದ ವರ್ಷ ಶಾಲೆಗೆ ಬಂದು ಹತ್ತನೆಯ ತರಗತಿಯ ಮಕ್ಕಳಿಗೆ ಹನಿ ಎಣಿಸುವ ಲೆಕ್ಕವನ್ನು ಕರಿಹಲಗೆಯ ಮೇಲೆ ಅವಳೇ ಮಾಡಿ ತೋರಿಸಿದಳು. ಹೋಗುವಾಗ ಮಕ್ಕಳಿಗೆ, "ಯಾರು ಏನೇ ಹೇಳಲಿ, ನೀವೇ ಒಂದ್ಸಲ ವಿಚಾರಿಸಿ" ಎಂದಳು. ನನ್ನ ಹೆಸರು ಹೇಳಲಿಲ್ಲ. ಹೇಳಿದ್ದರೂ ತಪ್ಪಿರಲಿಲ್ಲ.

ಈ ಲೇಖನ ಓದುವ ಪೋಷಕರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಊರಿನ ಮೇಷ್ಟ್ರು ಹೇಳಿದರೆಂದು ಸಹ ಹಣ ಕಟ್ಟಬೇಡಿ. ನೋಂದಣಿಯ ಪ್ರಶ್ನೆ ಕೇಳಿ. ಉತ್ತರ ಕಾಗದದಲ್ಲಿ ಸಿಕ್ಕ ಮೇಲೆ ಮಗಳನ್ನು ನಿಶ್ಚಿಂತೆಯಿಂದ ಕಳುಹಿಸಿ. ಮುಂದೊಂದು ದಿನ ನಮ್ಮ ಹಾಸಿಗೆಯ ಪಕ್ಕ ನಿಂತು ಹನಿ ಎಣಿಸುವವಳು ಅವಳೇ ಆಗಬಹುದು.